ಶಾಲು ಹೊದಿಸಿದ ಮೇಲೆ ಪೈಲಟ್ ಏನು ಕಲಿಯಬೇಕು?

ಸಂಪಾದಕರಿಗೆ,

ಮಾನ್ಯರೇ,

ಮುಂಬಯಿ, ಪುಣೆ, ಗೋವಾಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಹವ್ಯಾಸಕ್ಕೆಂದು ಸಣ್ಣ ವಿಮಾನ ಹಾರಿಸುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅಂಥವರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಾಗ ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಅರ್ಹತೆ ಸಿಕ್ಕಿದರೆ ಸಂಘದ ವೇದಿಕೆಯಲ್ಲಿ ಶಾಲು ಹೊದಿಸುತ್ತೇವೆ. ಹೊದಿಸಬೇಕಾದ್ದೇ. ಆದರೆ ಅಲ್ಲಿಗೆ ಕಲಿಕೆ ಮುಗಿಯಿತೆಂದು ಹೊದಿಸಿದವರೂ ಹೊದ್ದವರೂ ತಿಳಿದುಬಿಡುತ್ತಾರೆ. ಈ ವಿದ್ಯೆ ಮಾತ್ರ ಉಳಿದ ಹಾರಾಟಕ್ಕಿಂತ ಬೇಗ ಕೈಬಿಡುತ್ತದೆ.

ನಮ್ಮಲ್ಲಿ ರೇಟಿಂಗ್ ನವೀಕರಣದ ಪರೀಕ್ಷೆ ವರ್ಷಕ್ಕೊಮ್ಮೆ. ಅಮೆರಿಕದ ನಿಯಮ ಬೇರೆ: ಹಿಂದಿನ 6 ತಿಂಗಳಲ್ಲಿ 6 ಇನ್‌ಸ್ಟ್ರುಮೆಂಟ್ ಅಪ್ರೋಚ್ (ಉಪಕರಣ ನೋಡಿಯೇ ರನ್‌ವೇ ಕಡೆಗೆ ಇಳಿಯುತ್ತ ಬರುವುದು), ಜೊತೆಗೆ ಹೋಲ್ಡಿಂಗ್ (ಆಕಾಶದಲ್ಲೇ ಸುತ್ತು ಹಾಕುತ್ತ ಕಾಯುವುದು) ಮತ್ತು ರೇಡಿಯೊ ಪಥ ಹಿಡಿದು ಸಾಗುವ ಅಭ್ಯಾಸ ಆಗಿರಲೇಬೇಕು. ಇಲ್ಲಿನ ಹವ್ಯಾಸಿಗಳೂ ಅದನ್ನೇ ಸ್ವಂತ ನಿಯಮ ಮಾಡಿಕೊಳ್ಳಲಿ ಎಂಬುದು ನನ್ನ ಮೊದಲ ಮಾತು. ಆ ಆರರಲ್ಲಿ ಎರಡು ಅಪ್ರೋಚ್ ಆಟೊಪೈಲಟ್ ಇಲ್ಲದೆ, ಎರಡು ಕೆಲವು ಉಪಕರಣ ಕೆಟ್ಟಿವೆ ಎಂದುಕೊಂಡು, ಒಂದಾದರೂ ಇಳಿಯದೆ ಮೇಲೇರುವಂತೆ ಇರಲಿ.

ಕಷ್ಟವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಆಕಾಶ ಹವ್ಯಾಸಿಯದ್ದಲ್ಲ. ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳದವರು ಮಳೆಗಾಲದಲ್ಲಿ ಏನು ಮಾಡುತ್ತಾರೆ? ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ತಾಳಮದ್ದಳೆ. ಅರ್ಥಗಾರಿಕೆ ಹರಿತವಾಗುವುದು ಅಲ್ಲೇ. ಪೈಲಟ್‌ಗೂ ಆ ನಾಲ್ಕು ತಿಂಗಳು ತಾಳಮದ್ದಳೆಯ ಕಾಲ.

ಅದಕ್ಕೆ ಮನೆಯ ಕಂಪ್ಯೂಟರಿನಲ್ಲಿ ಎಕ್ಸ್‌-ಪ್ಲೇನ್ ಅಥವಾ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಸಾಕು. ಈ ಗಂಟೆಗಳು ಲಾಗ್‌ಬುಕ್‌ಗೆ ಸೇರುವುದಿಲ್ಲ, ಚುಕ್ಕಾಣಿಯ ಭಾರವೂ ನಿಜದಂತೆ ಕೈಗೆ ಹತ್ತುವುದಿಲ್ಲ. ಆದ್ದರಿಂದ ಅಲ್ಲಿ ಹಾರಿಸುವ ಸೊಬಗು ಕಲಿಯಲು ಹೋಗಬೇಡಿ, ಕ್ರಮ ಕಲಿಯಿರಿ. ಒಂದೇ ಐಎಲ್‌ಎಸ್ (ರನ್‌ವೇಗೆ ಇಳಿಯುವ ದಾರಿಯನ್ನೂ ಇಳಿಜಾರನ್ನೂ ರೇಡಿಯೊ ತರಂಗದಿಂದ ತೋರಿಸುವ ವ್ಯವಸ್ಥೆ) ಅಪ್ರೋಚನ್ನು ಒಂದೇ ಸಂಜೆ ಮೂರು ಬಾರಿ ಮಾಡಿ: ಮೊದಲು ಸರಳವಾಗಿ, ಆಮೇಲೆ 20 ನಾಟ್ ಅಡ್ಡಗಾಳಿ ಹಾಕಿ, ಕೊನೆಗೆ ವಿಮಾನದ ಮೂಗು, ರೆಕ್ಕೆ ಎತ್ತ ವಾಲಿವೆ ಎಂದು ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಕೆಡಿಸಿ. ಅಂಕ ಕೊಡುವಾಗ ದಾಕ್ಷಿಣ್ಯ ಬೇಡ. ಎತ್ತರದಲ್ಲಿ 100 ಅಡಿ, ದಿಕ್ಕಿನಲ್ಲಿ 10 ಡಿಗ್ರಿ, ವೇಗದಲ್ಲಿ 10 ನಾಟ್ ಮೀರಿದರೆ ತಪ್ಪು ಎಂದೇ ಬರೆದುಕೊಳ್ಳಿ. ನಿಮ್ಮ ವಿಮಾನದಲ್ಲಿ ಗಾರ್ಮಿನ್ ಜಿಪಿಎಸ್ ಇದ್ದರೆ ಆ ಕಂಪನಿಯದೇ ಅಭ್ಯಾಸದ ತಂತ್ರಾಂಶ ಸಿಗುತ್ತದೆ. ಮೋಡದೊಳಗೆ ಗುಂಡಿ ಹುಡುಕುವುದಕ್ಕಿಂತ ಸೋಫಾದ ಮೇಲೆ ಹುಡುಕುವುದು ಅಗ್ಗ.

ಮೋಡದಲ್ಲಿ ದೊಡ್ಡ ಗಂಡಾಂತರ ತರುವುದು ಹೆಚ್ಚಾಗಿ ಇಂಥ ಸಣ್ಣ ಗುಂಡಿಗಳೇ. ಐಎಲ್‌ಎಸ್ ತರಂಗಾಂಕ ಸರಿಯಾಗಿ ಹಾಕಿರುತ್ತೀರಿ, ಆದರೆ ದಾರಿ ತೋರಿಸುವ ಮುಳ್ಳು ಇನ್ನೂ ಜಿಪಿಎಸ್ ಮಾತನ್ನೇ ಕೇಳುತ್ತಿರುತ್ತದೆ. ಮುಳ್ಳು ನಡುವೆ ನಿಂತದ್ದನ್ನು ನೋಡಿ ಎಲ್ಲ ಸರಿ ಅನ್ನಿಸುತ್ತದೆ, ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಮಾತ್ರ ಬರುವುದೇ ಇಲ್ಲ. ಇನ್ನೊಂದು, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಆಲ್ಟಿಮೀಟರಿನದು. ಜುಲೈಯಲ್ಲಿ ಮುಂಬಯಿಯ ಸಮುದ್ರಮಟ್ಟದ ಒತ್ತಡ ಸಾಮಾನ್ಯವಾಗಿ 1003 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಆಲ್ಟಿಮೀಟರನ್ನು ಆ ದಿನದ ಒತ್ತಡಕ್ಕೆ ಹೊಂದಿಸದೆ ಪ್ರಮಾಣಿತ 1013ರಲ್ಲೇ ಬಿಟ್ಟು ಇಳಿದರೆ, ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು 28 ಅಡಿಯಂತೆ, ಆಲ್ಟಿಮೀಟರ್ ತೋರಿಸುವುದಕ್ಕಿಂತ ವಿಮಾನ 280 ಅಡಿ ಕೆಳಗಿರುತ್ತದೆ. ಮೊದಲ ದರ್ಜೆಯ ಐಎಲ್‌ಎಸ್‌ನಲ್ಲಿ ನಿರ್ಧಾರದ ಎತ್ತರವೇ (ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕಾದ ಎತ್ತರ) 200 ಅಡಿ! ಅಮೆರಿಕದಲ್ಲಿ ಕಲಿತು ಬಂದವರಿಗೆ ಇನ್ನೊಂದು ಬಲೆ ಇದೆ. ವಾಯುಭಾರ ಕುಸಿತದ ದಿನ ಕಂಟ್ರೋಲರ್ 998 ಎಂದರೆ, ಪಾದರಸದ ಇಂಚಿನ ಲೆಕ್ಕಕ್ಕೆ ಒಗ್ಗಿದ ಕಿವಿಗೆ ಅದು 29.98 ಎಂದು ಕೇಳಿಸಿಬಿಡಬಹುದು. ವ್ಯತ್ಯಾಸ ಸುಮಾರು 17 ಹೆಕ್ಟೊಪ್ಯಾಸ್ಕಲ್, ಅಂದರೆ 450 ಅಡಿಗೂ ಹೆಚ್ಚು. ಹೇಳಿದ ಅಂಕೆಯನ್ನು ಘಟಕ ಸಮೇತ ಓದಿ ಹೇಳುವುದು ಶಿಷ್ಟಾಚಾರಕ್ಕಲ್ಲ.

ಉಪಕರಣ ಕೆಡುವುದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಪರೀಕ್ಷೆ ಮುಗಿದ ಮೇಲೆ ಇದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಹಳೆಯ ಸೆಸ್ನಾ 172ರಂಥ ವಿಮಾನಗಳಲ್ಲಿ ಆಟಿಟ್ಯೂಡ್ ಇಂಡಿಕೇಟರ್ ಮತ್ತು ದಿಕ್ಕು ತೋರಿಸುವ ಹೆಡಿಂಗ್ ಇಂಡಿಕೇಟರ್ ತಿರುಗುವುದು ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪಿನಿಂದ, ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ವಿದ್ಯುತ್ತಿನಿಂದ. ಪಂಪ್ ಸತ್ತರೆ ಗೈರೊ, ಅಂದರೆ ಉಪಕರಣದೊಳಗಿನ ತಿರುಗುಚಕ್ರ, ತಕ್ಷಣ ಬೀಳುವುದಿಲ್ಲ, ನಿಧಾನವಾಗಿ ವಾಲುತ್ತದೆ. ಅದು ವಾಲಿದಂತೆ ಪೈಲಟ್ ವಿಮಾನವನ್ನು ಎದುರು ದಿಕ್ಕಿಗೆ ವಾಲಿಸುತ್ತ ಹೋಗುತ್ತಾನೆ, ಸುರುಳಿ ಶುರುವಾದದ್ದು ಗೊತ್ತೇ ಆಗುವುದಿಲ್ಲ. ಪಂಪಿನ ಎಳೆತ ತೋರಿಸುವ ಸಕ್ಷನ್ ಗೇಜ್ 4.5ರಿಂದ 5.5 ಇಂಚಿನೊಳಗೆ ಇದೆಯೇ ಎಂದು ಆಗಾಗ ನೋಡುವುದು, ಎರಡು ಗೈರೊಗಳ ಮಾತು ಹೊಂದದಿದ್ದರೆ ಮೂರನೆಯದನ್ನು ಕೇಳುವುದು, ಕೆಟ್ಟದ್ದರ ಮೇಲೆ ತಕ್ಷಣ ಒಂದು ಅಂಟುಚೀಟಿ ಹಚ್ಚಿ ಮುಚ್ಚುವುದು. ಈ ಮೂರನೆಯದನ್ನೇ ಜನ ಬಿಡುತ್ತಾರೆ. ಸುಳ್ಳು ಹೇಳುತ್ತಿದೆ ಎಂದು ಗೊತ್ತಿದ್ದರೂ ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ.

ಹೆಡಿಂಗ್ ಇಂಡಿಕೇಟರ್ ಹೋದ ಮೇಲೆ ಉಳಿಯುವುದು ದಿಕ್ಸೂಚಿ. ನಮ್ಮ ಗೋಳಾರ್ಧದಲ್ಲಿ ಉತ್ತರಕ್ಕೆ ತಿರುಗುವಾಗ ಅದು ಹಿಂದೆ ಬೀಳುತ್ತದೆ, ದಕ್ಷಿಣಕ್ಕೆ ತಿರುಗುವಾಗ ಮುಂದೆ ಓಡುತ್ತದೆ. ಹಾಗಾಗಿ ಉತ್ತರಕ್ಕಾದರೆ ಮೊದಲೇ ನಿಲ್ಲಿಸಬೇಕು, ದಕ್ಷಿಣಕ್ಕಾದರೆ ದಾಟಿಸಿ ನಿಲ್ಲಿಸಬೇಕು. ಎಷ್ಟು ಎಂದರೆ ಸ್ಥೂಲವಾಗಿ ಆ ಊರಿನ ಅಕ್ಷಾಂಶದಷ್ಟು. ಅಮೆರಿಕದ ತರಗತಿಗಳಲ್ಲಿ ಬಾಯಿಪಾಠ ಮಾಡಿಸುವ 30 ಡಿಗ್ರಿ ಅಲ್ಲಿಗೆ ಸರಿ. ಮುಂಬಯಿ ಇರುವುದು 19ರಲ್ಲಿ, ಗೋವಾ 15ರ ಹತ್ತಿರ. ಇದಕ್ಕಿಂತ ಗಡಿಯಾರ ಹಿಡಿದು ತಿರುಗುವುದೇ ನನಗೆ ಮೆಚ್ಚು. ಸೆಕೆಂಡಿಗೆ 3 ಡಿಗ್ರಿಯ ತಿರುವಿನಲ್ಲಿ 90 ಡಿಗ್ರಿಗೆ 30 ಸೆಕೆಂಡು, ಅಷ್ಟೆ.

ಮಳೆಗಾಲದಲ್ಲಿ ಕುಳಿತಲ್ಲೇ ಕಲಿಯಬಹುದಾದ ಇನ್ನೊಂದು ಪಾಠ ಹವೆ. ದಿನಾ ಬೆಳಿಗ್ಗೆ ಮುಂಬಯಿ, ಪುಣೆ, ಗೋವಾದ ದಾಬೋಲಿಂ ಮೂರೂ ವಿಮಾನ ನಿಲ್ದಾಣಗಳ ಮೆಟಾರ್, ಅಂದರೆ ಹವೆಯ ವರದಿ, ಓದಿ, ಮಧ್ಯಾಹ್ನ ಏನಾಗಬಹುದೆಂದು ಒಂದು ಸಾಲು ಬರೆದಿಡಿ, ಸಂಜೆ ತಾಳೆ ನೋಡಿ. ಉಷ್ಣತೆಗೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಇರುವ ಅಂತರವನ್ನು 400ರಿಂದ ಗುಣಿಸಿದರೆ ಗುಪ್ಪೆಮೋಡದ ತಳ ಸುಮಾರು ಎಷ್ಟು ಅಡಿ ಎಂದು ಸಿಗುತ್ತದೆ. 28 ಮತ್ತು 26 ಇದ್ದರೆ 800 ಅಡಿ. ಜೊತೆಗೆ ಹವಾಮಾನ ಇಲಾಖೆಯ ಕೊಲಾಬಾ ರಾಡಾರ್ ಚಿತ್ರವಿಟ್ಟು ನೋಡಿದರೆ ಮಳೆಪಟ್ಟೆಗಳು ಸಮುದ್ರದಿಂದ ಬರುವ ಲಯ ಒಂದೇ ತಿಂಗಳಲ್ಲಿ ಅರ್ಥವಾಗುತ್ತದೆ. ವಿದೇಶಿ ಪುಸ್ತಕಗಳು ರೆಕ್ಕೆಗೆ ಹಿಡಿಯುವ ಹಿಮದ ಬಗ್ಗೆ ಅಧ್ಯಾಯಗಟ್ಟಲೆ ಬರೆಯುತ್ತವೆ. ಇಲ್ಲಿ ಮಳೆಗಾಲದಲ್ಲಿ ಶೂನ್ಯ ಡಿಗ್ರಿ ಸಿಗುವುದೇ ಸುಮಾರು 5 ಕಿಲೋಮೀಟರ್ ಮೇಲೆ, ಸಣ್ಣ ವಿಮಾನ ಅಲ್ಲಿಗೆ ಹೋಗುವುದಿಲ್ಲ. ನಮ್ಮ ಹಿಮ ಎಂಜಿನ್ನಿಗೆ ಗಾಳಿ, ಇಂಧನ ಬೆರೆಸಿ ಕೊಡುವ ಕಾರ್ಬ್ಯುರೇಟರಿನೊಳಗೆ. 25 ಡಿಗ್ರಿ ಸೆಖೆಯಲ್ಲೂ ಗಾಳಿ ಇಷ್ಟು ತೇವವಾಗಿದ್ದರೆ, ಥ್ರಾಟಲ್ ಇಳಿಸಿ ಕೆಳಗಿಳಿಯುವಾಗ ಒಳಗೆ ಮಂಜು ಕಟ್ಟುತ್ತದೆ. ಅದಕ್ಕೆ ಬಿಸಿಗಾಳಿ ಬಿಡುವ ಕಾರ್ಬ್ಯುರೇಟರ್ ಹೀಟ್ ಗುಂಡಿ ಎಳೆಯಬೇಕಾದ್ದು ಪವರ್ ಇಳಿಸುವ ಮೊದಲು, ಎಂಜಿನ್ ಕೆಮ್ಮಿದ ಮೇಲಲ್ಲ.

ಅಕ್ಟೋಬರ್ ಬಂತೆಂದರೆ ಮತ್ತೆ ಗೆಜ್ಜೆ. ಮೊದಲ ಎರಡು ಹಾರಾಟ ತರಬೇತುದಾರರ ಜೊತೆಗೇ ಆಗಲಿ. ಹೊರಗಿನ ನೋಟ ಮರೆಮಾಡುವ ಹುಡ್ ಹಾಕಿಕೊಂಡು ಹಾರಿಸುವಾಗ ಎರಡು ಕಡೆಯೂ ನಿಯಂತ್ರಣವಿರುವ ವಿಮಾನ, ಪಕ್ಕದಲ್ಲಿ ಅರ್ಹ ಪೈಲಟ್ ಇರಲೇಬೇಕು. ಹುಡ್ಡಿನ ದೋಷವೆಂದರೆ ಅಂಚಿನಿಂದ ಬೆಳಕು ಇಣುಕುತ್ತದೆ, ನಿಜವಾದ ಮೋಡದ ದಿಗ್ಭ್ರಮೆ ಅದರಲ್ಲಿ ಬರುವುದಿಲ್ಲ. ಸಿಡಿಲಿಲ್ಲದ ತೆಳು ಮೋಡದ ಪದರ ಸಿಕ್ಕ ದಿನ, ತರಬೇತುದಾರರೊಂದಿಗೆ ಅನುಮತಿ ಪಡೆದು ಅದರೊಳಗೆ 20 ನಿಮಿಷ ಇದ್ದು ಬಂದರೆ ಹುಡ್ಡಿನ ಐದು ಗಂಟೆಗಿಂತ ಹೆಚ್ಚು.

ಇಳಿಯುವುದಕ್ಕಿಂತ ಇಳಿಯದಿರುವುದನ್ನು ಹೆಚ್ಚು ಅಭ್ಯಾಸ ಮಾಡಿ. ಮಿಸ್ಡ್ ಅಪ್ರೋಚ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು, ಕೆಡುವುದು ಮನಸ್ಸು ಆಗಲೇ ರನ್‌ವೇ ಮೇಲೆ ಇಳಿದುಬಿಟ್ಟಿರುವುದರಿಂದ. ಪೂರ್ತಿ ಪವರ್ ಕೊಟ್ಟಾಗ ವೇಗವರ್ಧನೆಯಿಂದ ಒಳಕಿವಿಗೆ ಮೂಗು ವಿಪರೀತ ಮೇಲೆದ್ದಂತೆ ಭಾಸವಾಗಿ, ಕೈ ತಾನಾಗಿ ಮುಂದೆ ಒತ್ತುತ್ತದೆ. ಕಣ್ಣು ಆಟಿಟ್ಯೂಡ್ ಇಂಡಿಕೇಟರ್ ಬಿಟ್ಟರೆ ಅಲ್ಲೇ ಅಪಾಯ. ಕ್ರಮ ಇಷ್ಟೇ: ಪವರ್, ಮೂಗು, ಏರುತ್ತಿದೆ ಎಂಬ ಖಾತ್ರಿ, ಹಂತ ಹಂತವಾಗಿ ಫ್ಲ್ಯಾಪ್, ಆಮೇಲೆ ಜಿಪಿಎಸ್, ಎಲ್ಲದರ ಕೊನೆಗೆ ರೇಡಿಯೊ. ಪುಣೆ ಸುತ್ತಿನವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಲಿ. ಅಲ್ಲಿನ ನೆಲವೇ ಸುಮಾರು 1,900 ಅಡಿ ಎತ್ತರ, ಏಪ್ರಿಲ್‌ನ 36 ಡಿಗ್ರಿಯಲ್ಲಿ ಗಾಳಿ ತೆಳುವಾಗಿ ಎಂಜಿನ್ನಿಗೆ ಅದು 5,000 ಅಡಿಯಂತೆ. ಮುಂಬಯಿ ಕಡಲ ದಂಡೆಯ ಜುಹೂ ವಿಮಾನ ನಿಲ್ದಾಣದಲ್ಲಿ ಏರಿದಷ್ಟು ಚುರುಕಾಗಿ ಅಲ್ಲಿ ವಿಮಾನ ಏರುವುದಿಲ್ಲ. ಘಟ್ಟ ದಾಟುವಾಗ 8 ಕಿಲೋಮೀಟರ್ ಒಳಗಿನ ಅತಿ ಎತ್ತರದ ತುದಿಗಿಂತ 2,000 ಅಡಿ ಮೇಲಿರಬೇಕು. ಕಳಸೂಬಾಯಿ 1,646 ಮೀಟರ್, ಅಂದರೆ ಅದರ ಸುತ್ತ 7,400 ಅಡಿಗಿಂತ ಕೆಳಗೆ ಇಳಿಯುವಂತಿಲ್ಲ.

ರನ್‌ವೇ ಕಂಡ ಮೇಲೂ ಉಪಕರಣ ಬಿಡಬಾರದು ಎಂಬುದಕ್ಕೆ ಮುಂಬಯಿಯದೇ ಸಾಕ್ಷಿ ಇದೆ. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಮುಂಬಯಿಯ ಮುಖ್ಯ ವಿಮಾನ ನಿಲ್ದಾಣವಾದ ಸಾಂತಾಕ್ರೂಜ್ ಎಂದುಕೊಂಡು ಪಕ್ಕದ ಜುಹೂನ ಗಿಡ್ಡ ರನ್‌ವೇಯಲ್ಲಿ ಇಳಿದು ಮುಂದಕ್ಕೆ ನುಗ್ಗಿತ್ತು. ಹಗಲಿರಲಿ, ಬಿಸಿಲಿರಲಿ, ಐಎಲ್‌ಎಸ್ ಮುಳ್ಳು ಕೊನೆಯವರೆಗೂ ಕಣ್ಣೆದುರಿರಲಿ.

ಕೊನೆಗೊಂದು ಕೋರಿಕೆ. ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳು ಮಳೆಗಾಲದಲ್ಲಿ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು. ಒಂದು ಪ್ರೊಜೆಕ್ಟರ್, ಆ ದಿನದ ಮೆಟಾರ್, ಒಂದು ಅಪ್ರೋಚ್ ನಕ್ಷೆ, ಐದಾರು ಕುರ್ಚಿ. ಒಬ್ಬರು ಪೈಲಟ್, ಒಬ್ಬರು ಕಂಟ್ರೋಲರ್, ಉಳಿದವರು ತಪ್ಪು ಹಿಡಿಯುವವರು. ಚಹಾದ ಖರ್ಚು ಶಾಲು ಹೊದ್ದವರದು.

ಇತಿ,
ಒಬ್ಬ ಓದುಗ, ಮುಲುಂಡ್, ಮುಂಬಯಿ