ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ

ಮಾನ್ಯ ಸಂಪಾದಕರೇ,

ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬದ ನೊವೇನಾ (ಒಂಬತ್ತು ದಿನಗಳ ಪ್ರಾರ್ಥನೆ) ದಿನಗಳಿರಲಿ, ವಿವೇಕನಗರದ ಬಾಲಯೇಸು ದೇವಾಲಯದ ಗುರುವಾರವಿರಲಿ, ಹಡ್ಸನ್ ಚರ್ಚಿನ ಭಾನುವಾರದ ಆರಾಧನೆಯಿರಲಿ, ಬಂದವರ ಮೊರೆ ಒಂದೇ: ದೇವರೇ, ಕೈಹಿಡಿ. ಅದರಲ್ಲಿ ತಪ್ಪೇನಿಲ್ಲ. ತೊಂದರೆ ಶುರುವಾಗುವುದು ಗೇಟು ದಾಟಿದ ಮೇಲೆ. ‘ದೇವರ ಮೇಲೆ ಭಾರ ಹಾಕಿದ್ದೇನೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಫೀಸಿನ ಕೊನೆಯ ದಿನದ ತನಕ ಸುಮ್ಮನಿರುವುದಕ್ಕೆ, ಬಿ.ಪಿ. ಮಾತ್ರೆ ಬಿಡುವುದಕ್ಕೆ ನೆಪವಾಗುತ್ತಿದೆ.

ಭಾರ ಹಾಕುವುದಕ್ಕೂ ಬೈಬಲ್ ಒಂದು ಅಳತೆ ಇಟ್ಟಿದೆ. ವಿಮೋಚನಕಾಂಡದ 16ನೇ ಅಧ್ಯಾಯ ನೋಡಿ. ಈಜಿಪ್ಟಿನಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ಸಿಕ್ಕ ಆಹಾರ ಮನ್ನ, ದಿನಕ್ಕೆ ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಪಾತ್ರೆಯಷ್ಟು. ನಾಳೆಗಿರಲಿ ಎಂದು ಎತ್ತಿಟ್ಟದ್ದು ಬೆಳಗಾಗುವುದರೊಳಗೆ ಹುಳ ಬಿದ್ದು ನಾರಿತು. ಆರನೇ ದಿನ ಮಾತ್ರ ಎರಡರಷ್ಟು, ಮರುದಿನ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಆದ್ದರಿಂದ. ಕೊಟ್ಟವನು ದೇವರೇ, ಆದರೆ ಬಿಸಿಲೇರಿ ಕರಗುವ ಮುಂಚೆ ಎದ್ದು ಹೋಗಿ ಆರಿಸಿಕೊಳ್ಳಬೇಕಾದವರು ಜನ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಕೇಳುವ ‘ಅನುದಿನದ ಆಹಾರ’ದ್ದೂ ಇದೇ ಅಳತೆ. ಇಡೀ ವರ್ಷದ ಚಿಂತೆಯನ್ನು ಒಂದೇ ಉಸಿರಿಗೆ ಒಪ್ಪಿಸಲು ಕೂತರೆ ಗಾಬರಿ ಹೆಚ್ಚುವುದೇ ಹೊರತು ಇಳಿಯುವುದಿಲ್ಲ.

ಬೇಕಾದದ್ದು ಬೆಳಿಗ್ಗೆ 10 ನಿಮಿಷ, ಒಂದು ನೋಟ್‌ಬುಕ್. ಮೊದಲು ಬೈಬಲಿನ ಒಂದು ಕೀರ್ತನೆ ಓದಿ. (119ನೆಯದು ಬಂದ ದಿನ ಸ್ವಲ್ಪ ಬೇಗ ಏಳಬೇಕು, 176 ವಚನಗಳಿವೆ!) ಆಮೇಲೆ ಪುಟದ ಎಡಕ್ಕೆ ತಾರೀಖು ಮತ್ತು ಆ ದಿನದ ಒಂದು ಕೋರಿಕೆ, ಬಲಕ್ಕೆ ‘ನನ್ನ ಕೆಲಸ’. ‘ಮಕ್ಕಳ ಭವಿಷ್ಯ ಕಾಪಾಡು’ ಎಂದು ಬರೆದರೆ ಉತ್ತರ ಬಂದರೂ ಗೊತ್ತಾಗುವುದಿಲ್ಲ. ‘10ನೇ ತಾರೀಖಿಗೆ 12,000 ರೂಪಾಯಿ ಫೀಸು’ ಎಂದು ಬರೆಯಿರಿ. ಬಲಕ್ಕೆ: ಕಂತಿಗಾಗಿ ಶಾಲೆಗೆ ಅರ್ಜಿ, ಫಾದರ್ ಅಥವಾ ಸಭಾಪಾಲಕರಿಗೆ ತಿಳಿಸುವುದು. ಈ ಬಲಭಾಗ ಖಾಲಿ ಬಿಟ್ಟವರು ಕೊನೆಗೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ, ಸಾಲ ಸಿಕ್ಕಿದ್ದನ್ನೇ ದೇವರ ಉತ್ತರ ಎಂದುಕೊಳ್ಳುತ್ತಾರೆ. ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನಲ್ಲಿ ಎರಡೂ ಭಾಗ ತುಂಬಿವೆ: ಶತ್ರುಗಳ ಸುದ್ದಿ ಕೇಳಿ ಪ್ರಾರ್ಥಿಸಿದ, ಹಗಲಿರುಳು ಕಾವಲೂ ಇಟ್ಟ. ಗೋಡೆ 52 ದಿನಕ್ಕೆ ಮುಗಿಯಿತು. ತಿಂಗಳಿಗೊಮ್ಮೆ ಹಳೆಯ ಪುಟ ತಿರುವಿ ‘ಆಯಿತು’, ‘ಇಲ್ಲ’, ‘ಇನ್ನೂ’ ಎಂದು ಗುರುತು ಹಾಕಿ. ‘ಇಲ್ಲ’ ಎಂದು ಬರೆಯಲು ಹೆದರಬೇಕಿಲ್ಲ. ತನ್ನ ದೇಹದಲ್ಲಿ ನಾಟಿದ ಮುಳ್ಳಿನಂಥ ಬಾಧೆ ತೊಲಗಲೆಂದು ಯೇಸುವಿನ ಅಪೊಸ್ತಲ ಪೌಲನೂ ಮೂರು ಸಲ ಬೇಡಿಕೊಂಡ, ಅದು ತೊಲಗಲಿಲ್ಲ.

ಹೊಸ ವರ್ಷದ ರಾತ್ರಿ ಚರ್ಚಿನಲ್ಲಿ ಕೊಡುವ, ಬೈಬಲಿನ ಒಂದು ವಚನವಿರುವ ವಾಗ್ದಾನದ ಚೀಟಿಯ ಬಗ್ಗೆಯೂ ಒಂದು ಮಾತು. ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುವೆನೆಂದು ದೇವರು ಹೇಳುವ ಯೆರೆಮೀಯ 29:11 ಬಂದರೆ ಎಲ್ಲರಿಗೂ ಹಿಗ್ಗು. ಅದರ ಹಿಂದಿನ ವಚನದಲ್ಲೇ, ಆ ಮಾತು ಕೇಳಿದ ಯೆಹೂದ್ಯರಿಗೆ ಬಾಬೆಲಿನ ಸೆರೆ 70 ವರ್ಷ ಎಂದಿದೆ. 5ನೇ ವಚನ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಚೀಟಿಯಷ್ಟನ್ನೇ ಓದಿದವರು ಮಾರ್ಚ್ ಹೊತ್ತಿಗೆ ‘ದೇವರು ಮಾತು ತಪ್ಪಿದ’ ಎಂದು ಕೊರಗುತ್ತಾರೆ. ಹಂಚುವವರು ‘ಇಡೀ ಅಧ್ಯಾಯ ಓದಿ’ ಎಂಬ ಒಂದು ಸಾಲು ಸೇರಿಸಿದರೆ ಖರ್ಚೇನೂ ಆಗದು.

ಎಲ್ಲಕ್ಕಿಂತ ಅಪಾಯದ್ದು ಔಷಧಿ ಬಿಡುವುದು. ಸಾಯುವ ಹಂತದಲ್ಲಿದ್ದ ಯೆಹೂದದ ಅರಸ ಹಿಜ್ಕೀಯನಿಗೆ 15 ವರ್ಷ ಆಯುಸ್ಸು ಹೆಚ್ಚಿಸುವೆನೆಂಬ ದೇವರ ಮಾತು ಸಿಕ್ಕ ಮೇಲೂ, ಅಂಜೂರದ ಉಂಡೆಯನ್ನು ಹುಣ್ಣಿಗೆ ಕಟ್ಟಿರಿ ಎಂದೇ ಪ್ರವಾದಿ ಯೆಶಾಯ ಹೇಳಿದ. ಬಿ.ಪಿ.ಗೆ ಹೆಚ್ಚಿನವರಲ್ಲಿ ಲಕ್ಷಣವೇ ಕಾಣಿಸದು. ಪ್ರಾರ್ಥನೆಯ ನಂತರ ಹಾಯೆನಿಸಿತು ಎಂಬುದರಿಂದ ಒತ್ತಡ ಇಳಿದಿದೆ ಎಂದು ತಿಳಿಯುವಂತಿಲ್ಲ, ಅಳೆಯಲೇಬೇಕು. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಮೊದಲ ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿ ಹಸಿವು ಹುಟ್ಟುತ್ತದೆ. ದೇವರು ವಾಸಿಮಾಡಿದನೆಂದು ಸಭೆಯಲ್ಲಿ ಸಾಕ್ಷಿ ಹೇಳಿ ಮಾತ್ರೆ ಬಿಡುವುದು ಆಗಲೇ. ಉಳಿದ ರೋಗಾಣುಗಳು ಆ ಮದ್ದಿಗೆ ಬಗ್ಗದಂತಾಗಬಹುದು, ಮನೆಯವರಿಗೂ ಹರಡಬಹುದು. ಇನ್ಸುಲಿನ್ ಬೇಕಾದವರು ಅದನ್ನು ಬಿಟ್ಟರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರಬಹುದು.

ಆದ್ದರಿಂದ ನಗರದ ಸಭೆಗಳ ಹಿರಿಯರಲ್ಲಿ ನಮ್ಮದೊಂದು ವಿನಂತಿ. ‘ವಾಸಿಯಾಯಿತು’ ಎಂದು ಮೈಕಿನ ಮುಂದೆ ಹೇಳಬಯಸುವವರಿಗೆ ಮೊದಲು ಡಾಕ್ಟರ ಬಳಿ ತೋರಿಸಿ ರಿಪೋರ್ಟ್ ತರಲು ಹೇಳಿ. ಇದು ಅವಿಶ್ವಾಸ ಎನ್ನುವವರಿಗೆ ಲೂಕ 5:14 ತೋರಿಸಬಹುದು. ಕುಷ್ಠ ವಾಸಿಯಾದವನಿಗೆ ಯೇಸು, ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು ಎಂದ. ಮೋಶೆಯ ನಿಯಮದಂತೆ ಚರ್ಮ ಪರೀಕ್ಷಿಸಿ ಶುದ್ಧವೆಂದು ಹೇಳುವ ಅಧಿಕಾರ ಆಗ ಯಾಜಕನದೇ ಆಗಿತ್ತು.

– ಪ್ರಾರ್ಥನಾ ಕೂಟವೊಂದರ ಸದಸ್ಯರು, ಬೆಂಗಳೂರು