ಬೆಳಗಿನ ವಾರ್ತೆ ಓದುವ ಸರದಿ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಬರುವ ಸೋಮವಾರದಿಂದ ಪ್ರಾರ್ಥನೆ ಹೊತ್ತಿನಲ್ಲಿ ವಾರ್ತೆ ಓದುವ ಕೆಲಸ ಎಂಟನೇ ಕ್ಲಾಸಿನ ಮಕ್ಕಳದ್ದು. ದಿನಕ್ಕೊಬ್ಬರ ಸರದಿ. ಮೊನ್ನೆ ಸಭೆಯಲ್ಲಿ ನಿಮ್ಮಲ್ಲಿ ಕೆಲವರು, "ಮೇಡಂ, ಆ್ಯಂಕರ್ ಆಗ್ತೀನಿ ಅಂತ ಮನೆಯಲ್ಲೆಲ್ಲ ಕೂಗಾಡ್ತಾನೆ, ಓದು ಬಿಟ್ಟು ಇದೆಲ್ಲ ಯಾಕೆ?" ಅಂತ ಕೇಳಿದಿರಿ. ಅದಕ್ಕೇ ಈ ಪತ್ರ.

ಆ ಕೂಗು ನಮ್ಮ ಸ್ಟಾಫ್ ರೂಮಿಗೂ ಕೇಳಿಸುತ್ತದೆ. ಡಸ್ಟರನ್ನೇ ಮೈಕ್ ಮಾಡಿಕೊಂಡು "ಇದೀಗ ಬಂದ ಸುದ್ದಿ" ಅಂತ ಶುರು ಮಾಡುತ್ತಾರೆ. ಸುದ್ದಿ ಮಾತ್ರ ಬರುವುದಿಲ್ಲ!

ಮಕ್ಕಳು ಜಾಸ್ತಿ ಅನುಕರಣೆ ಮಾಡುವುದು ಪಬ್ಲಿಕ್ ಟಿವಿಯ ಎಚ್.ಆರ್. ರಂಗನಾಥ್ ಅವರನ್ನು. ರಾತ್ರಿ ಒಂಬತ್ತರ ಬಿಗ್ ಬುಲೆಟಿನ್ ಎಷ್ಟೋ ಮನೆಗಳಲ್ಲಿ ಊಟದ ಜೊತೆಗೇ ನಡೆಯುತ್ತದೆ, ಅಲ್ವಾ? ಆದರೆ ಅವರು ಟಿವಿಗೆ ಬಂದದ್ದು ಪತ್ರಿಕೆಯ ಮೇಜಿನಿಂದ. ಕನ್ನಡಪ್ರಭದ ಸಂಪಾದಕರಾಗಿದ್ದರು, ಸುವರ್ಣ ನ್ಯೂಸ್ ಮುನ್ನಡೆಸಿದರು, ಆಮೇಲೆ 2012ರಲ್ಲಿ ಪಬ್ಲಿಕ್ ಟಿವಿ ಶುರು ಮಾಡಿದರು. ಮೊದಲು ಬರವಣಿಗೆ, ಆಮೇಲೆ ಕ್ಯಾಮೆರಾ. ಅವರ ಎಲ್ಲ ಅಭಿಪ್ರಾಯ ನನಗೂ ಒಪ್ಪಿಗೆ ಅಂತಲ್ಲ. ಅವರು ಬೆಳೆದ ದಾರಿಯನ್ನು ಮಕ್ಕಳಿಗೆ ಹೇಳಬೇಕು ಅನ್ನಿಸಿತು, ಅಷ್ಟೇ.

ಇನ್ನೊಂದು ವಿಷಯವನ್ನೂ ಹೇಳುತ್ತೇವೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತ್ತು. ಪಾಠ ಫೋನಿನಲ್ಲಿ. ನಮ್ಮ ಬೆಂಗಳೂರಿನಲ್ಲೇ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಪಬ್ಲಿಕ್ ಟಿವಿ ರೋಟರಿ ಜೊತೆ ಸೇರಿ 'ಜ್ಞಾನ ದೀವಿಗೆ' ಶುರು ಮಾಡಿತು. ಸರ್ಕಾರಿ ಶಾಲೆಯ ಎಸ್ಎಸ್ಎಲ್‌ಸಿ ಮಕ್ಕಳಿಗೆ ಟ್ಯಾಬ್ ಕೊಡುವ ಕೆಲಸ ಅದು. ಒಬ್ಬ ಆ್ಯಂಕರ್ ತನ್ನ ಜೇಬಿನಿಂದ ಎಷ್ಟು ತಾನೇ ಕೊಡಬಲ್ಲ? ಕೇಳಿದರೆ ನಾಲ್ಕು ಜನ ಮುಂದೆ ಬರುತ್ತಾರೆ. ಜನ ನಂಬುವ ಮುಖ ಇದ್ದರೆ ಆಗುವ ಉಪಯೋಗ ಅದು. ಅದೇ ಚಾನೆಲ್‌ನ 'ಬೆಳಕು' ಕಾರ್ಯಕ್ರಮದಲ್ಲೂ ಕಷ್ಟದಲ್ಲಿರುವವರು ಬಂದು ಹೇಳಿಕೊಳ್ಳುತ್ತಾರೆ, ನೆರವು ಕೇಳುತ್ತಾರೆ.

ಟಿವಿಯಲ್ಲಿ ಮುಖ ತೋರಿಸಿಯೇ ಕೇಳಬೇಕಾಗುತ್ತದೆ. ಶಾಲೆಯಲ್ಲಿ ಅದು ಬೇಡ. ಆಫೀಸ್ ರೂಮಿನ ಪಕ್ಕ ಒಂದು ಪೆಟ್ಟಿಗೆ ಇಟ್ಟಿದ್ದೇವೆ. ಹೊಸ ನೋಟ್‌ಬುಕ್, ಜಾಮಿಟ್ರಿ ಬಾಕ್ಸ್, ಚೆನ್ನಾಗಿ ಕೆಲಸ ಮಾಡುವ ಹಳೇ ಟ್ಯಾಬ್ ಇದ್ದರೆ ಹಾಕಿ. ಕೊಟ್ಟವರ ಹೆಸರು ಮೈಕಿನಲ್ಲಿ ಹೇಳುವುದಿಲ್ಲ. ಪಡೆದ ಮಗುವಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಬರುವುದಿಲ್ಲ. ಇದರಲ್ಲಿ ನಾನು ಸ್ವಲ್ಪ ಹಟಮಾರಿ.

ಇನ್ನು ಮನೆಯ ಕೆಲಸ. ಸರದಿಯ ಹಿಂದಿನ ಸಂಜೆ ಮಗು ಪೇಪರ್ ನೋಡಿ ಐದು ಸುದ್ದಿಯನ್ನು ತನ್ನ ಮಾತಿನಲ್ಲೇ ಬರೆಯಲಿ. ನೀವು ಬರೆದುಕೊಡಬೇಡಿ. ಜೋರಾಗಿ ಓದಿಸಿ ಕೇಳಿ. 'ಆಸ್ಪತ್ರೆ' ಹೋಗಿ 'ಹಾಸ್ಪತ್ರೆ' ಆದರೆ ಗದರಬೇಡಿ, ಇನ್ನೊಮ್ಮೆ ಹೇಳಿಸಿ. ಮನೆಗೆ ಪೇಪರ್ ಬರದಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಲೈಬ್ರರಿಯಲ್ಲಿ ಸಿಗುತ್ತದೆ.

ಸರದಿಯ ಪಟ್ಟಿಯನ್ನು ಡೈರಿಯಲ್ಲಿ ಅಂಟಿಸಿದ್ದೇವೆ. ನೋಡಿ, ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ
ಬೆಂಗಳೂರು