ರವಿವಾರದ ಕೇಬಲ್ ಕೆಲಸ: ಬರೂಕಿಂತ ಮೊದಲ ಓದ್ರಿ

ಎಲ್ಲಾರಿಗೂ ನಮಸ್ಕಾರ್ರಿ.

ಈ ರವಿವಾರ ಮುಂಜಾನೆ 10ಕ್ಕ ಗೋಕುಲ ರೋಡಿನ ನಮ್ಮ ಶೆಡ್ಡಿನ್ಯಾಗ ಕಾರಿನ ಇಸಿಯು (ಎಂಜಿನ್ ನಡಸೂ ಕಂಪ್ಯೂಟರ್) ಓದೂ ಕೇಬಲ್ ಕೈಯಾರೆ ಮಾಡೂದೈತಿ. ಇದು ಕೆ-ಲೈನ್ (ಇಸಿಯು ಜೋಡಿ ಮಾತಾಡೂ ಒಂದ ತಂತಿ) ಇರೂ ಹಳೇ ಗಾಡಿಗಷ್ಟ. ಹೊಸಾ ಗಾಡಿಗಳು ಸಾಕೆಟ್ಟಿನ 6 ಮತ್ತ 14ನೇ ಪಿನ್ನಿನ ಕ್ಯಾನ್ (ಎರಡು ತಂತಿ ಲೈನ್) ಮ್ಯಾಲೆ ನಡೀತಾವ, ಅವಕ್ಕ ಈ ಕೇಬಲ್ ಆಗಂಗಿಲ್ಲ. ನಿಮ್ಮದು ಯಾವ ನಮೂನಿ ಅಂತ ತಿಳೀದಿದ್ರ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನ ಫೋಟೋ ಇಲ್ಲೇ ಹಾಕ್ರಿ, ಕೂಡಿ ನೋಡೂಣು.

ತರೂದು: 16 ಪಿನ್ನಿನ ಕನೆಕ್ಟರ್, ಎಫ್‌ಟಿ232 ಯುಎಸ್‌ಬಿ ಬೋರ್ಡ್ (ಲ್ಯಾಪ್‌ಟಾಪಿಗೆ ಜೋಡಸಾಕ), ಎಲ್9637ಡಿ ಐಸಿ (ಕೆ-ಲೈನ್ ಮತ್ತ ಬೋರ್ಡಿನ ವೋಲ್ಟೇಜ್ ಹೊಂದಸೂ ಚಿಪ್), 510 ಓಮ್ ರೆಸಿಸ್ಟರ್, 1 ಆಂಪಿಯರ್ ಫ್ಯೂಜ್, ಲ್ಯಾಪ್‌ಟಾಪ್. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಶೆಡ್ಡಿನ್ಯಾಗ ಅದಾವ.

ಒಂದು ಮಾತು ಕೈ ಮುಗದು ಹೇಳ್ತೀನಿ. ಕೆ-ಲೈನಿನ 7ನೇ ಪಿನ್ನನ್ನ ನೇರ ಯುಎಸ್‌ಬಿ ಬೋರ್ಡಿಗೆ ಹಚ್ಚಬ್ಯಾಡ್ರಿ. ಕೆ-ಲೈನ್ ಬ್ಯಾಟರಿಯ 12 ವೋಲ್ಟಿನ ಮಟ್ಟದಾಗ ಇರ್ತದ, ಬೋರ್ಡ್ ತಾಳೂದು 5 ವೋಲ್ಟ್ ಅಷ್ಟ. ಎರಡರ ನಡುವ ಐಸಿ ಇರಲೇಬೇಕು. ಹೋದ ಸಲ ನಾನ ಅವಸರಾ ಮಾಡಿ ಒಂದು ಬೋರ್ಡ್ ಸುಟ್ಟೀನಿ. ಲ್ಯಾಪ್‌ಟಾಪ್ ಉಳೀತು, ಅದ ಪುಣ್ಯಾ. 16ನೇ ಪಿನ್ನಿನ್ಯಾಗ ಕೀಲಿ ತಗದ್ರೂ ಕರೆಂಟ್ ಇರ್ತದ, ಅದಕ್ಕ ಫ್ಯೂಜ್ ಆ ತಂತಿಗೇ ಬರಬೇಕು. 4 ಮತ್ತ 5 ಗ್ರೌಂಡ್. ಸೋಲ್ಡರ್ ಆದಮ್ಯಾಲೆ ಪಿನ್ನಿಗೆ ಪಿನ್ನು ಶಾರ್ಟ್ ಆಗಿಲ್ಲ ಅಂತ ಮೀಟರ್ ಹಿಡದು ನೋಡಿದ ಮ್ಯಾಲೇ ಗಾಡಿಗೆ ಚುಚ್ಚೂದು.

ಧಾರವಾಡದಿಂದ ಬರಾವ್ರು, ಐಸಿ ಸಿಗದಾವ್ರು ಶುಕ್ರವಾರ ರಾತ್ರಿಯೊಳಗ ಹೆಸರು, ಗಾಡಿ ಮಾಡೆಲ್, ವರ್ಷ ಇಲ್ಲೆ ಬರೀರಿ. ಐಸಿ ಒಟ್ಟಿಗೆ ತರಿಸ್ತೀನಿ.